ಮಂಪರು ಬರಬಹುದು

ನೆಗಡಿಗೆ ನಾಲ್ಕು ಗುಳಿಗೆ ಕೇಳಿದರೆ ನಮ್ಮ ಸಾಗರದ ಮೆಡಿಕಲ್ ಶಾಪಿನ ಯಜಮಾನರು ಹತ್ತರ ಪಟ್ಟಿಯಿಂದ ನಾಲ್ಕನ್ನು ಕತ್ತರಿಯಲ್ಲಿ ಬೇರ್ಪಡಿಸಿ ಕೊಡುತ್ತಾರೆ. ಹೀಗೆ ಬೇರ್ಪಡಿಸುವಾಗ ಔಷಧಿಯ ಹೆಸರು ಅಚ್ಚಾದ ಭಾಗ ಮಾತ್ರ, ಅದೇನು ಕೈಚಳಕವೋ, ಪ್ರತಿ ಸಲವೂ ಅವರ ಕಡೆಗೇ ಉಳಿಯುತ್ತದೆ. ನಮ್ಮ ಪಾಲಿಗೆ ಬರುವುದು ನಾಮಧೇಯವಿಲ್ಲದ ನಾಲ್ಕು ಬಿಳಿ ಗುಳಿಗೆಗಳು, ಜೊತೆಗೊಂದು ಮೌಖಿಕ ಎಚ್ಚರಿಕೆ. ಇವತ್ತು ಬೆಳಿಗ್ಗೆಯೂ ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಇದರಿಂದ ಸ್ವಲ್ಪ ಮಂಪರು ಬರಬಹುದು, ಗಾಡಿಗೀಡಿ ಓಡಿಸಬೇಡಿ ಎಂದರು. ನನ್ನ ಸ್ವಾಧೀನದಲ್ಲಿರುವ ಏಕಮಾತ್ರ ವಾಹನವೆಂದರೆ ಮೊಮ್ಮಗಳು ರಜೆಯಲ್ಲಿ ಬಂದಾಗ ಬಿಟ್ಟುಹೋದ ಮೂರು ಗಾಲಿಯ ಸೈಕಲ್ಲು. ಅದನ್ನು ಓಡಿಸುವುದಿಲ್ಲವೆಂದು ಗಂಭೀರವಾಗಿ ಭರವಸೆ ಕೊಟ್ಟು ಮನೆಗೆ ಬಂದೆ.

ಮಧ್ಯಾಹ್ನದ ಊಟವಾದ ಮೇಲೆ ಒಂದು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಸಂಗತಿ ಇಷ್ಟೇ. ಆದರೆ ಎದುರಿಗೆ ಕುಳಿತು ಮೊರದಲ್ಲಿ ಉದ್ದಿನಬೇಳೆ ಆರಿಸುತ್ತಿದ್ದ ನನ್ನ ಹೆಂಡತಿ ವಿಶಾಲಾಕ್ಷಿ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ನೋಡಿದ್ದರಲ್ಲಿ ತಪ್ಪಿಲ್ಲ. ಮಂಪರು ಬರಿಸುವ ಯಾವ ಪದಾರ್ಥವನ್ನೂ ನಾನಾಗಿ ನುಂಗಿದ್ದನ್ನು ನಮ್ಮ ದಾಂಪತ್ಯದ ನಾಲ್ಕು ದಶಕಗಳಲ್ಲಿ ಅವಳು ಕಂಡಿರಲಿಲ್ಲ. ಡಾಕ್ಟರು ಬರೆದುಕೊಟ್ಟ ಕೆಮ್ಮಿನ ಸಿರಪ್ಪುಗಳು ನಮ್ಮ ಮನೆಯಲ್ಲಿ ಮುಚ್ಚಳದ ಸೀಲು ಒಡೆಯದೆಯೇ ವಾಯಿದೆ ತೀರಿ ಕಸದ ಬುಟ್ಟಿ ಸೇರಿದ್ದುಂಟು. ಅಂಥ ಮನುಷ್ಯ ಇವತ್ತು ಚಕಾರವೆತ್ತದೆ ಗುಳಿಗೆ ನುಂಗಿದ್ದಾನೆ. ಇದರ ಪ್ರಭಾವ ಶುರುವಾಗಲು ಅರ್ಧ ಗಂಟೆ ಬೇಕಂತೆ. ಅಷ್ಟರೊಳಗೆ, ಓದುಗ ಮಿತ್ರರೇ, ಈ ಹೃದಯಪರಿವರ್ತನೆಯ ಕಥೆಯನ್ನು ನಿಮಗೆ ಹೇಳಿ ಮುಗಿಸಬೇಕೆಂದಿದ್ದೇನೆ. ನಡುವೆ ಎಲ್ಲಾದರೂ ವಾಕ್ಯಗಳು ತೂಕಡಿಸಿದರೆ ಅದು ಔಷಧಿಯ ದೋಷವೆಂದು ತಿಳಿಯಿರಿ.

ಮೊದಲು ಮಾತಿನ ವಿಚಾರ. ನೌಕರಿಯ ಕಾಲದಲ್ಲಿ ಕಾರ್ಗಲ್ಲಿನ ಕಾಲೋನಿಯಲ್ಲಿದ್ದಾಗ ಅಲ್ಲಿನ ಕನ್ನಡ ಸಂಘಕ್ಕೆ ನಾನು ಹಲವು ವರ್ಷ ಕಾರ್ಯದರ್ಶಿಯಾಗಿದ್ದೆ. ಸಂಘದ ಏಕೈಕ ನಿಘಂಟು ನನ್ನ ಮನೆಯಲ್ಲೇ ಉಳಿದದ್ದರಿಂದ ಪದಗಳ ಬೆನ್ನು ಹತ್ತುವ ಚಟವೂ ನನ್ನಲ್ಲೇ ಉಳಿಯಿತು. ಮಂಪರೆಂದರೆ ನಿದ್ದೆಯಲ್ಲ, ಎಚ್ಚರವೂ ಅಲ್ಲ; ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ. ಅದರ ಬಂಧುಬಳಗವೂ ದೊಡ್ಡದು: ಅಮಲು, ಮತ್ತು, ಜೋಂಪು, ಮಂಕು, ಮದ, ಸೊಕ್ಕು. ಇವೆಲ್ಲ ಮೂಲತಃ ಯಾವುದೋ ಬೇರು, ಕಾಯಿ, ರಸಗಳ ಗುಣವನ್ನು ಹೇಳುತ್ತಿದ್ದು, ಬರಬರುತ್ತ ಮನುಷ್ಯನ ಸ್ವಭಾವದ ಕಡೆಗೆ ವರ್ಗವಾದ ಮಾತುಗಳಿರಬೇಕೆಂದು ನನ್ನ ಊಹೆ. ಕೆಲವು ಅಡಿಕೆಯನ್ನು ಅಗಿದರೆ ಮೈ ಬೆವತು ತಲೆ ಗಿರ್ರನೆ ತಿರುಗುತ್ತದೆ. ನಮ್ಮ ಕಡೆ ಅದಕ್ಕೆ ಅಡಿಕೆ ಸೊಕ್ಕಿತು ಎನ್ನುತ್ತಾರೆ. ಹೊಸದಾಗಿ ಕುರ್ಚಿ ಹಿಡಿದವರಿಗೂ ಸೊಕ್ಕು ಬರುತ್ತದೆ. ವ್ಯತ್ಯಾಸವೆಂದರೆ ಅಡಿಕೆಯದು ಒಂದು ಚೂರು ಬೆಲ್ಲ ತಿಂದು ನೀರು ಕುಡಿದರೆ ಇಳಿಯುತ್ತದೆ.

ಮದ್ದು ಎಂಬ ಮಾತಿನ ಸಂಸಾರ ಇನ್ನೂ ಗೋಜಲಿನದು. ರೋಗ ವಾಸಿಮಾಡುವುದೂ ಮದ್ದೇ, ಕೋವಿಗೆ ತುಂಬುವುದೂ ಮದ್ದೇ, ಗಂಡಸು ಹೆಂಡತಿಯ ಮಾತಿಗೆ ಎದುರಾಡದಂತೆ ಅನ್ನದಲ್ಲಿ ಕಲಸಿ ಹಾಕುತ್ತಾರೆಂದು ಹೆಂಗಸರು ಪಿಸುಗುಟ್ಟುವುದೂ ಮದ್ದೇ. ವಿಶಾಲಾಕ್ಷಿ ನನಗೆ ಮೂರನೆಯ ಬಗೆಯದನ್ನು ಹಾಕಿದ್ದಾಳೆಂದು ನನ್ನ ಸೋದರತ್ತೆಯೊಬ್ಬರು ಕೊನೆಯವರೆಗೂ ನಂಬಿದ್ದರು. ಹಾಕಿದ್ದರೂ ಅದು ಮಂಪರಿನ ಮದ್ದಾಗಿರಲಿಕ್ಕಿಲ್ಲ. ಮಂಪರಿನ ಮದ್ದು ನಮ್ಮ ಮನೆಗಳಲ್ಲಿ ಬಹಿರಂಗವಾಗಿಯೇ ಇತ್ತು. ಹಟ ಹಿಡಿದ ಕೂಸಿಗೆ ಜಾಯಿಕಾಯಿಯನ್ನು ಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ನಾಲಿಗೆಗೆ ನೆಕ್ಕಿಸುತ್ತಿದ್ದರು. ದೊಡ್ಡವರಿಗೆ ಗಸಗಸೆ ಪಾಯಸವಿತ್ತು. ಮದುವೆಯೂಟದಲ್ಲಿ ಅದನ್ನು ಎರಡು ಲೋಟ ಕುಡಿದ ಬೀಗರು ಚಪ್ಪರದ ಕಂಬಕ್ಕೊರಗಿ ಎಲ್ಲ ಮುನಿಸನ್ನೂ ಮರೆಯುತ್ತಿದ್ದರು. ಹೊಟ್ಟೆಗೆ ಹೋಗದೆಯೇ ಕೆಲಸ ಮಾಡುವ ಮಂಪರಿನ ಮದ್ದುಗಳೂ ಉಂಟು. ಸೇತುವೆಯಾಗುವ ಮುಂಚೆ ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಹೋಗುತ್ತಿದ್ದ ಲಾಂಚಿನ ಎಂಜಿನ್ನಿನ ಸದ್ದು ಅಂಥದೊಂದು. ನಮ್ಮ ಸಂಘದ ವಾರ್ಷಿಕೋತ್ಸವದ ಅಧ್ಯಕ್ಷ ಭಾಷಣ ಇನ್ನೊಂದು. ಎರಡನೆಯದನ್ನು ಅಧ್ಯಕ್ಷರು ಬಾರದ ಮೂರು ವರ್ಷ ನಾನೇ ಮಾಡಿದ್ದರಿಂದ ಅದರ ಶಕ್ತಿಯ ಬಗ್ಗೆ ಅಧಿಕಾರವಾಣಿಯಿಂದ ಹೇಳಬಲ್ಲೆ.

ಇಷ್ಟೆಲ್ಲ ಬಲ್ಲವನಿಗೆ ಮಂಪರೆಂದರೆ ಅಷ್ಟೊಂದು ಭಯ ಯಾಕೆ ಎಂದರೆ, ಭಯವೇ ನನ್ನ ಉದ್ಯೋಗವಾಗಿತ್ತು. ಜೋಗದ ವಿದ್ಯುದಾಗಾರದ ಕಂಟ್ರೋಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ನಾನು ಆಪರೇಟರ್ ಆಗಿದ್ದೆ. ಜಲಪಾತ ನೋಡಲು ಬಂದ ನೆಂಟರಿಷ್ಟರು ನನ್ನ ಕೆಲಸವನ್ನೂ ಹಾಗೇ ರೋಮಾಂಚಕಾರಿಯೆಂದು ಭಾವಿಸಿ, ನೀರನ್ನು ಕರೆಂಟು ಮಾಡುವುದು ಹೇಗೆಂದು ಕೇಳುತ್ತಿದ್ದರು. ನಾನು ಮಾಡುತ್ತಿದ್ದುದು ಮುಳ್ಳು ನೋಡುವ ಕೆಲಸ. ಗೋಡೆಯುದ್ದಕ್ಕೂ ಸಾಲಾಗಿದ್ದ ಮಾಪಕಗಳ ಮುಳ್ಳುಗಳು ಎಲ್ಲಿರಬೇಕೋ ಅಲ್ಲೇ ಇವೆಯೇ ಎಂದು ನೋಡುವುದು, ಗಂಟೆಗೊಮ್ಮೆ ಅವನ್ನು ಲಾಗ್ ಪುಸ್ತಕದಲ್ಲಿ ಬರೆಯುವುದು, ಮತ್ತೆ ನೋಡುವುದು. ಮುಳ್ಳುಗಳು ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಅಲ್ಲಿಲ್ಲದ ಒಂದು ಕ್ಷಣಕ್ಕಾಗಿ ಮನುಷ್ಯ ಮೂವತ್ತನಾಲ್ಕು ವರ್ಷ ಕಣ್ಣು ಬಿಟ್ಟುಕೊಂಡು ಕುಳಿತಿರಬೇಕು. ಕೆಳಗಿನ ಅಂತಸ್ತಿನಲ್ಲಿ ಯಂತ್ರಗಳು ತಿರುಗುವ ಏಕಸ್ವರದ ಗುಂಯ್‌ಗುಡಿಕೆ ಅಂಗಾಲಿನಿಂದ ಹತ್ತಿ ನೆತ್ತಿಗೆ ಬರುತ್ತಿತ್ತು. ಯಾವ ಜಾಯಿಕಾಯಿಯೂ ಅದಕ್ಕೆ ಸಮವಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅದು ನನ್ನನ್ನು ಬೀಳಿಸಿತು. ಕಾಲೋನಿಯಲ್ಲೊಂದು ಮದುವೆ, ಗಸಗಸೆ ಪಾಯಸ, ಅಲ್ಲಿಂದ ನೇರವಾಗಿ ಮಧ್ಯಾಹ್ನದ ಪಾಳಿ. ಕುರ್ಚಿಯಲ್ಲಿ ಕುಳಿತವನ ಕಣ್ಣು ಎರಡೇ ನಿಮಿಷ ಮುಚ್ಚಿತ್ತು. ತೆರೆದಾಗ ನಮ್ಮ ಹಿರಿಯ ಆಪರೇಟರ್ ತಿಮ್ಮಪ್ಪನವರು ನನ್ನ ಮಾಪಕಗಳ ಮುಂದೆ ಬೆನ್ನು ಹಾಕಿ ನಿಂತು ಫೋನಿನಲ್ಲಿ ಕೆಳಗಿನವರಿಗೆ ಏನೋ ಹೇಳುತ್ತಿದ್ದರು. ಒಂದು ಬೇರಿಂಗಿನ ಶಾಖ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿತ್ತಂತೆ. ಅವರು ನೋಡಿ ಸರಿಪಡಿಸಿದ್ದರು. ಅವರು ನನ್ನ ಬಗ್ಗೆ ಯಾರಿಗೂ ದೂರು ಹೇಳಲಿಲ್ಲ, ನನಗೂ ಬಯ್ಯಲಿಲ್ಲ. ಜೇಬಿನಿಂದ ಚಪ್ಪಟೆ ಡಬ್ಬಿ ತೆಗೆದು, ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ ಒಂದು ಕವಳ ಕೊಟ್ಟು ಒಂದೇ ಮಾತು ಹೇಳಿದರು.

"ಊರು ಮಲಗ್ಲಿ ಮಾರಾಯ, ನಾವು ಮಲಗಂಗಿಲ್ಲ."

ಅವತ್ತಿನಿಂದ ಕವಳ ನನಗೆ ತಿನಿಸಲ್ಲ, ಎಚ್ಚರದ ಉಪಕರಣ. ಎಡಗೆನ್ನೆಯ ಸಂದಿಯಲ್ಲಿ ಅದು ಕುಳಿತಿದ್ದರೆ ಮುಳ್ಳುಗಳು ನನ್ನ ಕಣ್ಣು ತಪ್ಪಿಸಿ ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯ. ತಿಮ್ಮಪ್ಪನವರಿಂದ ಕಲಿತದ್ದು ಇನ್ನೊಂದಿದೆ. ಪಾಳಿ ಬದಲಾಗುವಾಗ ಹೊರಟವನು ಒಂದೊಂದೇ ಯಂತ್ರದ ಸ್ಥಿತಿಗತಿ ಹೇಳಬೇಕು. ಬಂದವನು ಕೇಳಿಸಿಕೊಂಡು ಪುಸ್ತಕಕ್ಕೆ ಸಹಿ ಹಾಕಬೇಕು. ಹಾಕಿದ ಮೇಲೆ ಬಾಯಿಬಿಟ್ಟು, ಚಾರ್ಜ್ ತಗಂಡೆ ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಹೊರಟವನು ಕುರ್ಚಿ ಬಿಡುವಂತಿಲ್ಲ. ಪುಸ್ತಕದ ಸಹಿ ಮೇಲಿನವರಿಗೆ, ಬಾಯಿಮಾತು ನಮಗೆ ಎನ್ನುತ್ತಿದ್ದರು ತಿಮ್ಮಪ್ಪನವರು. ಸಹಿ ಹಾಕಿ ಮಾತು ಮರೆತವರನ್ನು ಹಿಡಿದು ನಿಲ್ಲಿಸಿ ಹೇಳಿಸುತ್ತಿದ್ದರು. ಆ ಎರಡು ಪದ ಕೇಳಿದ ಕೂಡಲೇ ಭುಜದಿಂದ ಏನೋ ಇಳಿದಂತಾಗಿ ನಾನು ಮನೆಗೆ ನಡೆಯುತ್ತಿದ್ದೆ.

ನಿವೃತ್ತಿಯಾಗಿ ಸಾಗರಕ್ಕೆ ಬಂದ ಮೇಲೆ ಮುಳ್ಳುಗಳಿಲ್ಲ, ಆದರೆ ನೋಡುವ ಕಣ್ಣು ಮುಚ್ಚಲಿಲ್ಲ. ಕಡೆಯ ದಿನ ನನ್ನಿಂದ ಚಾರ್ಜು ತೆಗೆದುಕೊಂಡವರು ಹಾರ ಹಾಕುವ, ಫೋಟೋ ತೆಗೆಸುವ ಗಡಿಬಿಡಿಯಲ್ಲಿ ಆ ಮಾತು ಹೇಳುವುದನ್ನೇ ಮರೆತಿದ್ದರು. ಅದನ್ನು ನೆನಪಿಸಲು ನನಗೆ ಸಂಕೋಚವಾಯಿತು. ವಿಶಾಲಾಕ್ಷಿ ಬಾಗಿಲಿನ ಚಿಲಕ ಹಾಕಿದ ಮೇಲೆ ನಾನೊಮ್ಮೆ ನೋಡುವುದು, ಗ್ಯಾಸು ಆರಿಸಿದ ಮೇಲೆ ನಾನೊಮ್ಮೆ ಮೂಸುವುದು, ನಲ್ಲಿ ತಿರುಗಿಸಿದ ಮೇಲೆ ನಾನೊಮ್ಮೆ ತಿರುಗಿಸಿ ಅದರ ವಾಷರು ಹಾಳುಮಾಡುವುದು, ಹೀಗೆ ಪಾಳಿ ಮುಂದುವರಿಯಿತು. ಅಷ್ಟರಲ್ಲಿ ಹೋದ ವರ್ಷ ಪಿತ್ತಕೋಶದಲ್ಲಿ ಕಲ್ಲುಗಳು ಪತ್ತೆಯಾದವು. ಊರಿನ ನರ್ಸಿಂಗ್ ಹೋಮೊಂದರಲ್ಲಿ ಆಪರೇಷನ್ ನಿಶ್ಚಯವಾಯಿತು.

ಹೊಟ್ಟೆ ಕೊಯ್ಯುವ ವಿಚಾರ ನನ್ನನ್ನು ಹೆದರಿಸಲಿಲ್ಲ. ಹೆದರಿಸಿದ್ದು ಸಹಿ ಹಾಕಲು ಕೊಟ್ಟ ಫಾರಮ್ಮಿನಲ್ಲಿದ್ದ ಅರಿವಳಿಕೆ ಎಂಬ ಪದ. ಡಾಕ್ಟರುಗಳ ಬಾಯಲ್ಲಿ ಅದೇ ವಿಷಯ ಅನಸ್ತೇಸಿಯಾ ಎಂದಾಗ ಯಾರೋ ದೂರದ ದೇಶದ ಹೆಣ್ಣುಮಗಳ ಹೆಸರಿನಂತೆ ನಿರಪಾಯವಾಗಿ ಕೇಳುತ್ತಿತ್ತು. ಕನ್ನಡದಲ್ಲಿ ಓದಿದಾಗ ಎದೆ ಧಸಕ್ಕೆಂದಿತು. ಅರಿವು ಅಳಿಯುತ್ತದೆಂದರೆ ಏನರ್ಥ? ಅಳಿದದ್ದು ಮರಳಿ ಬರುವುದೇ? ಕನ್ನಡದಲ್ಲೇ ಬರೆಯಿರಿ ಎಂದು ಊರೂರಿಗೆ ಉಪದೇಶ ಮಾಡಿದ ಮಾಜಿ ಕಾರ್ಯದರ್ಶಿ ಅವತ್ತು ಮೊದಲ ಬಾರಿಗೆ, ಈ ಫಾರಮ್ಮು ಇಂಗ್ಲಿಷಿನಲ್ಲಿದ್ದರೆ ಚೆನ್ನಾಗಿತ್ತು ಎಂದುಕೊಂಡ.

ಅರಿವಳಿಕೆ ಕೊಡುವ ಡಾಕ್ಟರು ಒಬ್ಬ ಹೆಣ್ಣುಮಗಳು, ತೀರ್ಥಹಳ್ಳಿಯವರು. ಸೋಮವಾರ ತೀರ್ಥಹಳ್ಳಿ, ಮಂಗಳವಾರ ಹೊಸನಗರ, ಬುಧವಾರ ಸಾಗರ, ಹೀಗೆ ತಾವೇ ಕಾರು ಓಡಿಸಿಕೊಂಡು ಸುತ್ತುತ್ತಾರೆಂದು ನರ್ಸಮ್ಮ ಹೇಳಿದ್ದರು. ಆಪರೇಷನ್ನಿನ ಮುಂಚಿನ ತಪಾಸಣೆಗೆ ಮಾಸ್ಕು ಹಾಕಿಕೊಂಡೇ ಬಂದ ಅವರು ನನ್ನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ಬಾಯಿ ತೆಗೆಸಿ, ತಮ್ಮ ಮೂರು ಬೆರಳು ಜೋಡಿಸಿ ಹಲ್ಲುಗಳ ನಡುವೆ ಹಿಡಿದು ಅಳತೆ ನೋಡಿದರು. ಮೂರು ಬೆರಳು ಹಿಡಿಯಬೇಕಂತೆ, ನನಗೆ ಎರಡೂವರೆ ಮಾತ್ರ. ಎಷ್ಟು ವರ್ಷದಿಂದ ಕವಳ ಎಂದು ಕೇಳಿದರು. ಹೇಳಿದೆ. ಬುಧವಾರ ಬೆಳಿಗ್ಗೆ ಬಾಯಿಗೆ ಏನೂ ಹಾಕುವಂತಿಲ್ಲ, ನೀರೂ ಇಲ್ಲ ಎಂದರು. ನಾನು ವಿಧೇಯನಾಗಿ ಒಪ್ಪಿಕೊಂಡೆ.

ಇನ್ನು ಹೇಳುವುದನ್ನು ಓದಿ ನನ್ನನ್ನು ಪೆದ್ದನೆಂದರೆ ನನಗೇನೂ ಬೇಸರವಿಲ್ಲ. ನಮ್ಮ ಕಡೆ ಕವಳ ಊಟತಿಂಡಿಯ ಲೆಕ್ಕಕ್ಕೆ ಬರುವುದಿಲ್ಲ. ಬೆಳಗಿಂದ ಒಂದು ಹನಿ ಒಂದು ಚೂರು ಮುಟ್ಟಿಲ್ಲ ಎಂದು ಬಾಯಿ ತುಂಬ ಕವಳ ಇಟ್ಟುಕೊಂಡೇ ಹೇಳುವ ಸತ್ಯಸಂಧರು ನಮ್ಮಲ್ಲಿ ಬೇಕಾದಷ್ಟು ಜನ. ನಾನು ಅಷ್ಟೂ ಮುಗ್ಧನಲ್ಲ. ಡಾಕ್ಟರಮ್ಮನ ಮಾತು ನನಗೆ ಅರ್ಥವಾಗಿತ್ತು. ಆದರೂ ಮುಂಚಿನ ದಿನವೇ ಒಂದು ಪುಟ್ಟ ಕವಳ ಮಡಚಿ ಕನ್ನಡಕದ ಡಬ್ಬಿಯಲ್ಲಿ ಅಡಗಿಸಿಟ್ಟೆ. ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗುವ ಐದು ನಿಮಿಷ ಮುಂಚೆ, ನರ್ಸಮ್ಮ ಕನ್ನಡಕ ತೆಗೆದಿಡಿ ಎಂದಾಗ, ಕನ್ನಡಕ ಡಬ್ಬಿಯ ಒಳಗೆ ಹೋಯಿತು, ಕವಳ ಎಡಗೆನ್ನೆಗೆ ಬಂತು. ಅದಿದ್ದರೆ ಪೂರ್ತಿ ಮೈಮರೆಯುವುದಿಲ್ಲ, ಎಲ್ಲೋ ಒಂದು ಕಡೆ ಎಚ್ಚರದ ಎಳೆ ಹಿಡಿದುಕೊಂಡಿರಬಹುದು, ಏನಾದರೂ ಎಡವಟ್ಟಾದರೆ ನಾನಾದರೂ ನೋಡಿಯೇನು ಎಂಬುದು ನನ್ನ ಉಪಾಯ.

ಮೇಜಿನ ಮೇಲೆ ಮಲಗಿಸಿದರು. ಡಾಕ್ಟರಮ್ಮ ತಲೆಯ ಹತ್ತಿರ ಬಂದು, ಏನಾದರೂ ತಿಂದಿರಾ ಎಂದು ಕೇಳಿದರು. ಇಲ್ಲವೆಂದೆ. ಕುಡಿದಿರಾ ಎಂದರು. ಇಲ್ಲವೆಂದೆ. ಬಾಯಿ ತೆಗೆಯಲು ಹೇಳಿ ಬ್ಯಾಟರಿ ಹಾಕಿದರು. ಅವರು ಒಂದು ಬಟ್ಟೆಯ ಚೂರಿನಿಂದ ಆ ಕೆಂಪು ಮುದ್ದೆಯನ್ನು ಹೊರಗೆ ತೆಗೆದು, ಒಂದು ಬಟ್ಟಲಿನಲ್ಲಿಟ್ಟು, ನನಗೆ ಕಾಣುವಂತೆ ಹಿಡಿದರು. ಮೈಮೇಲೆ ಪ್ರಜ್ಞೆಯಿಲ್ಲದಾಗ ಇದರ ಒಂದು ಹೋಳು ಜಾರಿ ಶ್ವಾಸನಾಳಕ್ಕೆ ಇಳಿದಿದ್ದರೆ ನಿಮ್ಮನ್ನು ವಾಪಸ್ಸು ತರುವುದು ನನ್ನ ಕೈಲಿರಲಿಲ್ಲ ಎಂದು ಮೆತ್ತಗೆ ಹೇಳಿದರು. ನರ್ಸುಗಳಿಗೆ ನಗು ತಡೆಯಲಾಗಲಿಲ್ಲ. ಕೈತೊಳೆದು ಸಿದ್ಧರಾಗಿ ನಿಂತಿದ್ದ ಸರ್ಜನ್ನರಿಗೆ ಸಿಟ್ಟು ಬಂದಿತ್ತು. ಡಾಕ್ಟರಮ್ಮ ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತರು.

"ಎಂತಕ್ಕೆ ಹಾಕ್ಕಂಡ್ರಿ?"

"ಎಚ್ಚರ ತಪ್ಪಬಾರ್ದು ಅಂತ, ಮೇಡಂ."

ಮೊದಲು ಯಾವ ಕೆಲಸದಲ್ಲಿದ್ದಿರಿ ಎಂದು ಅವರು ಕೇಳಿದರು. ಅಂಗಾತ ಮಲಗಿದ್ದ ನಾನು ಚಾವಣಿ ನೋಡಿಕೊಂಡು ಎಲ್ಲವನ್ನೂ ಹೇಳಿದೆ: ಮುಳ್ಳುಗಳು, ಆ ಎರಡು ನಿಮಿಷ, ತಿಮ್ಮಪ್ಪನವರ ಕವಳ. ಹಾಗಾದರೆ ಆ ಮೂವತ್ತನಾಲ್ಕು ವರ್ಷ ನಿದ್ದೆ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದಾಗ ಚಾರ್ಜು ಕೊಡುವ ಕ್ರಮವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಇವತ್ತು ಬೇಡ, ಮುಂದಿನ ಬುಧವಾರ ನೋಡೋಣ ಎಂದು ಎದ್ದುಹೋದರು. ನಾನು ಬಂದ ದಾರಿಯಲ್ಲೇ ಹೊರಗೆ ಬಂದೆ. ಬೆಂಚಿನ ಮೇಲೆ ಕುಳಿತಿದ್ದ ವಿಶಾಲಾಕ್ಷಿ, ಇಷ್ಟು ಬೇಗ ಆಯಿತಾ ಎಂದು ಸಂತೋಷದಿಂದ ಎದ್ದವಳು ವಿಷಯ ತಿಳಿದ ಮೇಲೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಕವಳದ ಡಬ್ಬಿ ಅಟ್ಟ ಸೇರಿತು. ಮುಂದಿನ ಬುಧವಾರ ಮನೆಯಿಂದ ಹೊರಡುವಾಗ ಅವಳೇ ಬ್ಯಾಟರಿ ಹಿಡಿದು ನನ್ನ ಬಾಯೊಳಗೆ ಎಡಕ್ಕೂ ಬಲಕ್ಕೂ ತಪಾಸಣೆ ಮಾಡಿದಳು.

ಅದೇ ಮೇಜು, ಅದೇ ಚಾವಣಿ. ಎದೆ ಹೊಡೆದುಕೊಳ್ಳುವ ಸದ್ದು ಪಕ್ಕದ ಯಂತ್ರದಲ್ಲಿ ಎಲ್ಲರಿಗೂ ಕೇಳುವಂತೆ ಬರುತ್ತಿತ್ತು, ಬಚ್ಚಿಡುವ ಹಾಗಿರಲಿಲ್ಲ. ತಲೆಯ ಹಿಂದೆ ಡಾಕ್ಟರಮ್ಮ ಕುಳಿತಿದ್ದರು. ಮುಖಕ್ಕೆ ಮಾಸ್ಕು, ತಲೆಗೆ ಟೋಪಿ, ಎರಡು ಕಣ್ಣು ಮಾತ್ರ ತಲೆಕೆಳಗಾಗಿ ಕಾಣುತ್ತಿದ್ದವು. ಅವರ ಎದುರಿಗೆ ಪರದೆಯ ಮೇಲೆ ಅಂಕಿಗಳು, ಗೆರೆಗಳು. ಅವರೂ ಮುಳ್ಳು ನೋಡುವವರೇ ಎಂದು ನನಗೆ ಹೊಳೆದದ್ದು ಆಗ. ಅವರು ಬಗ್ಗಿ, ಕಚೇರಿಯ ಮಾತು ಆಡಿದಷ್ಟು ಸಹಜವಾಗಿ ಹೇಳಿದರು:

"ಎಲ್ಲಿ, ಚಾರ್ಜ್ ಕೊಡಿ."

ಮೂವತ್ತನಾಲ್ಕು ವರ್ಷದ ಅಭ್ಯಾಸ ತಾನಾಗಿ ಬಾಯಿಗೆ ಬಂತು. ಬಿ.ಪಿ. ಸ್ವಲ್ಪ ಜಾಸ್ತಿ, ಸಕ್ಕರೆ ಕಾಯಿಲೆ ಇಲ್ಲ, ಯಂತ್ರದ ಸದ್ದಿಗೆ ಎಡಗಿವಿ ಮಂದ, ಬಾಯಿ ಖಾಲಿ ಎಂದು ಒಂದೊಂದೇ ಒಪ್ಪಿಸಿದೆ. ಇನ್ನೇನಾದರೂ ಇದೆಯಾ ಎಂದು ಅವರು ಕೇಳಿದರು.

"ಮನೆಯವಳು ಹೊರಗೆ ಬೆಂಚಿನ ಮೇಲೆ ಕೂತಿದಾಳೆ."

"ಸರಿ. ಚಾರ್ಜ್ ತಗಂಡೆ."

ನಿವೃತ್ತಿಯ ದಿನ ಕೇಳದೇ ಉಳಿದಿದ್ದ ಮಾತು ಅದು. ಅದು ಕಿವಿಗೆ ಬಿದ್ದ ಕೂಡಲೇ ಭುಜ ಸಡಿಲವಾಯಿತು, ಮುಷ್ಟಿ ಬಿಚ್ಚಿತು. ಕೈಯ ನರದಲ್ಲಿ ತಣ್ಣಗೆ ಏನೋ ಏರಿ ಬಂತು. ಜೀವಮಾನವಿಡೀ ಬಾಗಿಲಲ್ಲೇ ತಡೆದು ನಿಲ್ಲಿಸಿದ್ದ ಮಂಪರನ್ನು ಅವತ್ತು ನಾನಾಗಿ ಒಳಗೆ ಕರೆದೆ. ಅದರಷ್ಟು ಸುಖವಾದದ್ದನ್ನು ನಾನು ಕಂಡಿಲ್ಲ ಎಂದು ಈಗಲೂ ಹೇಳುತ್ತೇನೆ.

ಎಚ್ಚರವಾದದ್ದು ವಾರ್ಡಿನಲ್ಲಿ, ವಿಶಾಲಾಕ್ಷಿಯ ಪಕ್ಕದಲ್ಲಿ. ಕಲ್ಲುಗಳನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ಮನೆಗೆ ಹೊರಡುವ ದಿನ ನಮ್ಮ ಕಡೆಯ ರೂಢಿಯಂತೆ ಸರ್ಜನ್ನರಿಗೆ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಕೈಮುಗಿದೆವು. ಅವರೂ ಹಳೆಯ ಸಿಟ್ಟು ಮರೆತು ಭರಣಿಯ ಮುಚ್ಚಳ ತೆಗೆದು ಮೂಸಿ ಸಂತೋಷಪಟ್ಟರು. ತಿಂಗಳುಗಳು ಕಳೆದವು. ಒಂದು ದಿನ ಊಟಕ್ಕೆ ಅದೇ ಉಪ್ಪಿನಕಾಯಿ ಬಡಿಸುತ್ತ ವಿಶಾಲಾಕ್ಷಿ, ಮಲಗಿಸಿದರಲ್ಲ ಆ ಡಾಕ್ಟರಮ್ಮ, ಅವರಿಗೇನು ಕೊಟ್ಟಿರಿ ಎಂದು ಕೇಳಿದಳು. ತುತ್ತು ಕೈಯಲ್ಲೇ ಉಳಿಯಿತು. ಕೊಡುವುದು ಹಾಗಿರಲಿ, ಆಮೇಲೆ ನಾನು ಅವರನ್ನು ನೋಡಿರಲೇ ಇಲ್ಲ. ಇದು ನನ್ನೊಬ್ಬನ ಮರೆವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಅವರ ಮದ್ದಿನ ಗುಣವೇ ಹಾಗೆ, ಅದು ಕೊಟ್ಟವರನ್ನೂ ಮರೆಸಿಬಿಡುತ್ತದೆ. ಆದರೆ ಚಾರ್ಜು ತೆಗೆದುಕೊಂಡವರನ್ನು ಮರೆತ ಆಪರೇಟರನನ್ನು ತಿಮ್ಮಪ್ಪನವರು ಕ್ಷಮಿಸುತ್ತಿರಲಿಲ್ಲ. ನಿಜವಾಗಿ ನಾಚಿಕೆಯಾಯಿತು.

ಅವತ್ತು ಮಂಗಳವಾರ; ಮರುದಿನ ಅವರೇ ಸಾಗರಕ್ಕೆ ಬರುವವರೆಗೆ ಕಾಯಲು ಮನಸ್ಸು ಒಪ್ಪಲಿಲ್ಲ, ಹೊಸನಗರದಲ್ಲಿರುತ್ತಾರೆಂದು ಲೆಕ್ಕ ಹಾಕಿ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಬಸ್ಸಿನ ಅರ್ಧ ಜನ ವಾಸನೆಯ ಮೂಲ ಹುಡುಕುತ್ತ ನನ್ನ ಕಡೆ ತಿರುಗಿದರು. ಒಬ್ಬ ಹೆಂಗಸು ಮಿಡಿ ಯಾವ ಹೊಳೆಸಾಲಿನದೆಂದು ವಿಚಾರಿಸಿದಳು. ಹೊಸನಗರದಲ್ಲಿ ವಿಚಾರಿಸಿದರೆ ಅವರು ಒಂದು ತುರ್ತು ಕೇಸಿಗೆಂದು ತೀರ್ಥಹಳ್ಳಿಗೆ ವಾಪಸ್ಸು ಹೋಗಿದ್ದರು. ಭರಣಿ ಮತ್ತೊಂದು ಬಸ್ಸು ಹತ್ತಿತು. ತೀರ್ಥಹಳ್ಳಿಯ ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ಲೋಟ ಹಿಡಿದು ನಿಂತುಕೊಂಡೇ ಚಹಾ ಕುಡಿಯುತ್ತಿದ್ದರು. ಮಾಸ್ಕಿಲ್ಲದ ಮುಖ ನನಗೆ ಹೊಸದು; ನಿಂತಿರುವ ನಾನು ಅವರಿಗೆ ಹೊಸಬ. ಹೆಸರು ಹೇಳಿದೆ, ಆಪರೇಷನ್ನಿನ ವಿಷಯ ಹೇಳಿದೆ. ಅವರು ಸೌಜನ್ಯದಿಂದ ತಲೆಯಾಡಿಸಿದರು, ಆದರೆ ನೆನಪಾಗಿಲ್ಲವೆಂದು ಕಣ್ಣೇ ಹೇಳುತ್ತಿತ್ತು. ದಿನಕ್ಕೆ ಎಷ್ಟು ಜನರನ್ನು ಮಲಗಿಸುವವರು, ಪಾಪ. ಬೇರೆ ದಾರಿ ಕಾಣದೆ ನಾನು ಅವರ ಮುಂದೆ ಬಾಯಿ ತೆರೆದೆ.

ಅವರು ಬಗ್ಗಿ ನೋಡಿದರು. ಕೈ ತಾನಾಗಿ ಮೂರು ಬೆರಳು ಜೋಡಿಸಿಕೊಂಡು ಮೇಲೆ ಬಂತು.

"ಎರಡೂವರೆ ಬೆರಳು," ಎಂದರು. "ಜೋಗದವರು."

ಇಬ್ಬರೂ ನಕ್ಕೆವು. ಭರಣಿ ಕೊಟ್ಟೆ. ಕೊಟ್ಟ ಮೇಲೂ ನಾನು ಹೊರಡದೆ ನಿಂತದ್ದನ್ನು ಕಂಡು, ಏನಾದರೂ ತೊಂದರೆಯಿದೆಯೇ ಎಂದು ಕೇಳಿದರು. ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟೆ. ನಮ್ಮಲ್ಲಿ ಚಾರ್ಜು ತೆಗೆದುಕೊಂಡವರು ವಾಪಸ್ಸು ಕೊಡಬೇಕು, ಕೊಟ್ಟದ್ದು ನನ್ನ ಕಿವಿಗೆ ಬೀಳಲಿಲ್ಲ, ನೀವು ಎಬ್ಬಿಸಿದ್ದೇ ನನಗೆ ನೆನಪಿಲ್ಲ, ಅದೊಂದು ಬಾಕಿ ಉಳಿದಂತೆ ಅನಿಸುತ್ತದೆ ಎಂದೆ. ಹೇಳುವಾಗಲೇ ಇದೆಂಥ ಹುಚ್ಚು ಎಂದು ನನಗೂ ಅನಿಸಿತು. ಡಾಕ್ಟರಮ್ಮ ಚಹಾದ ಲೋಟ ಕಿಟಕಿಯ ಮೇಲಿಟ್ಟರು.

"ಕೊಟ್ಟೆ ಮಾರಾಯ್ರೆ. ಕಣ್ಣು ಬಿಡಿ, ಚಾರ್ಜ್ ವಾಪಸ್ ತಗಳಿ ಅಂದೆ. ನೀವು ಕಣ್ಣು ಮುಚ್ಕಂಡೇ ಸೈನ್ ಹಾಕಕ್ಕೆ ಪೆನ್ ಕೇಳಿದ್ರಿ."

"ಕೊಟ್ರಾ?"

"ಥಿಯೇಟರಲ್ಲಿ ಪೆನ್ ಎಲ್ಲಿರ್ತದೆ. ಬೆರಳು ಕೊಟ್ಟೆ. ಅದನ್ನೇ ಹಿಡ್ಕಂಡು ಗಾಳೀಲಿ ಸೈನ್ ಹಾಕಿದ್ರಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ನಾನು ಅತ್ತೆನೆಂದು ಹೇಳಿದರೆ ಮಾಜಿ ಕಾರ್ಯದರ್ಶಿಯ ಘನತೆಗೆ ಕುಂದಾದೀತು, ಆದರೂ ಹೇಳಿದ್ದೇನೆ. ಉಸಿರು, ಎದೆಬಡಿತ, ಇದುವರೆಗಿನ ಎಲ್ಲ ನೆನಪು, ಹೊರಗೆ ಕುಳಿತ ಹೆಂಡತಿ, ಇಷ್ಟನ್ನೂ ಎರಡು ಗಂಟೆ ಹೊತ್ತು ಕಣ್ಣೆವೆ ಮುಚ್ಚದೆ ನೋಡಿಕೊಂಡು, ಇದ್ದದ್ದು ಇದ್ದ ಹಾಗೇ ತಿರುಗಿ ಒಪ್ಪಿಸಿದ ಆ ಹೆಣ್ಣುಮಗಳಿಗೆ ಒಂದು ಭರಣಿ ಉಪ್ಪಿನಕಾಯಿ ಯಾವ ಲೆಕ್ಕ. ಆ ದಾರಿಯಲ್ಲೇ ನನಗೆ ಇನ್ನೊಂದು ವಿಷಯವೂ ಅರ್ಥವಾಯಿತು. ಮೂರನೆಯ ಪಾಳಿ ಮುಗಿಸಿ ನಾನು ಹಗಲು ಮಲಗುತ್ತಿದ್ದ ವರ್ಷಗಳಲ್ಲಿ ವಿಶಾಲಾಕ್ಷಿ ಕಿಟಕಿಗೆ ಕಂಬಳಿ ಕಟ್ಟುತ್ತಿದ್ದಳು, ಕಾಲಿಂಗ್ ಬೆಲ್ಲಿಗೆ ಬಟ್ಟೆ ಸುತ್ತುತ್ತಿದ್ದಳು, ಕುಕ್ಕರು ಕೂಗುವ ಮುಂಚೆ ಓಡಿಹೋಗಿ ಇಳಿಸುತ್ತಿದ್ದಳು, ಮಗಳಿಗೆ ಪಿಸುಮಾತಿನಲ್ಲೇ ಮಗ್ಗಿ ಹೇಳಿಕೊಟ್ಟಳು. ನಾನು ಊರನ್ನು ಕಾಯುತ್ತಿದ್ದೇನೆಂದು ಬೀಗುತ್ತಿದ್ದಾಗ ನನ್ನನ್ನು ಒಬ್ಬಳು ಕಾಯುತ್ತಿದ್ದಳು. ಅದಕ್ಕೆ ಲಾಗ್ ಪುಸ್ತಕವಿರಲಿಲ್ಲ, ಸಹಿಯಿರಲಿಲ್ಲ, ನಾನು ಬಾಯಿಬಿಟ್ಟು ಒಂದು ಮಾತೂ ಆಡಿರಲಿಲ್ಲ.

ಇದನ್ನು ಅವಳಿಗೆ ಹೇಳಬೇಕೆಂದು ಅವತ್ತಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ. ನಾಲ್ಕು ದಶಕದ ಸಂಸಾರದಲ್ಲಿ ಇಂಥ ಮಾತು ಶುರುಮಾಡುವುದು ಹೇಗೆಂದು ತಿಳಿಯದೆ ಮುಂದೂಡಿದ್ದೇನೆ. ಈಗ ಅರ್ಧ ಗಂಟೆ ಆದಂತಿದೆ. ಹೆಸರಿಲ್ಲದ ಗುಳಿಗೆ ಕೆಲಸ ಶುರುಮಾಡಿದೆ. ಅಕ್ಷರಗಳು ಸಾಲು ಬಿಟ್ಟು ಸರಿಯುತ್ತಿವೆ, ಮೂಗು ಸೋರುವುದು ನಿಂತಿದೆ, ರೆಪ್ಪೆ ಭಾರವಾಗಿದೆ. ಮುಂಬಾಗಿಲ ಚಿಲಕ ಹಾಕಿದೆಯೋ ಇಲ್ಲವೋ ನೋಡಿಲ್ಲ. ಒಲೆಯ ಮೇಲೆ ಹಾಲು ಇದ್ದಂತಿದೆ. ಎದುರಿಗೆ ವಿಶಾಲಾಕ್ಷಿ ಮೊರದಲ್ಲಿ ಬೇಳೆ ಆರಿಸುತ್ತಲೇ ಇದ್ದಾಳೆ.

"ಇವಳೇ," ಎಂದೆ, "ಚಾರ್ಜ್ ತಗಳ್ತೀಯಾ?"

ಅವಳು ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟು, ತಲೆಯೆತ್ತದೆ ಹೇಳಿದಳು:

"ಯಾವತ್ತೋ ತಗಂಡಾಗಿದೆ. ಮಲಗಿ."